ಹಳೆಯ ಲಾರಿಯ ಹೇರು ಮತ್ತು ಎಳೆತದ ಮಿತಿ

ಲಾರಿ ತನ್ನ ಮೈಮೇಲೆ ಹೊರಬಹುದಾದ ಸರಕಿನ ಗರಿಷ್ಠ ತೂಕವೇ ಹೇರಿನ ಮಿತಿ. ಹಿಂದೆ ಕಟ್ಟಿಕೊಂಡು ಎಳೆಯಬಹುದಾದ ತೂಕ ಎಳೆತದ ಮಿತಿ. ಎರಡನ್ನೂ ಒಂದೊಂದು ಅಂಕಿಯಲ್ಲಿ ಹೇಳುವುದು ರೂಢಿ. ‘ಹತ್ತು ಟನ್ನಿನ ಗಾಡಿ’ ಎಂದರೆ ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಯಲ್ಲಿ ಹಮಾಲರಿಂದ ದಲಾಲರವರೆಗೆ ಎಲ್ಲರಿಗೂ ತಿಳಿಯುತ್ತದೆ. ಆದರೆ ಆ ಅಂಕಿಯ ಹಿಂದೆ ಹಲವು ಅಂಕಿಗಳಿವೆ. ಚಾಸಿ, ಮುಂದಿನ ಎಕ್ಸಲ್, ಹಿಂದಿನ ಎಕ್ಸಲ್, ಪಾಟಾ (ಕಮಾನಿನ ಪಟ್ಟಿ), ಟಾಯರ್, ಬ್ರೇಕ್, ಎಂಜಿನ್ ಇವುಗಳಿಗೆಲ್ಲ ತಮ್ಮ ತಮ್ಮ ಮಿತಿಯುಂಟು. ಅವುಗಳಲ್ಲಿ ಎಲ್ಲಕ್ಕಿಂತ ಚಿಕ್ಕದು ಯಾವುದೋ ಅದೇ ಗಾಡಿಯ ಮಿತಿ. ಹೊಸ ಲಾರಿಯಲ್ಲಿ ಕಾರ್ಖಾನೆಯವರು ಇವನ್ನು ಒಂದಕ್ಕೊಂದು ಹೊಂದಿಸಿ ಕೊಟ್ಟಿರುತ್ತಾರೆ. ಇಪ್ಪತ್ತು ವರ್ಷ ದುಡಿದ ಲಾರಿಯಲ್ಲಿ ಆ ಹೊಂದಿಕೆ ಸಡಿಲಿರುತ್ತದೆ, ಕಾಗದದ ಅಂಕಿ ಮಾತ್ರ ಇದ್ದಂತೆಯೇ ಇರುತ್ತದೆ.

ಧಾರವಾಡ ಜಿಲ್ಲೆಯ ಕಲಘಟಗಿ ತಾಲೂಕಿನ ಬಮ್ಮಿಗಟ್ಟಿ ಮತ್ತು ಸುತ್ತಲಿನ ಊರುಗಳಲ್ಲಿ ಇದು ದಿನಬಳಕೆಯ ವಿಷಯ. ಇಲ್ಲಿಂದ ಪೂರ್ವಕ್ಕೆ ಹೋದರೆ ಕುಂದಗೋಳ, ಅಣ್ಣಿಗೇರಿ, ನವಲಗುಂದದ ಎರೆ ಹೊಲಗಳು. ಪಶ್ಚಿಮಕ್ಕೆ ಹೋದರೆ ಯಲ್ಲಾಪುರದ ಕಾಡು, ಅರಬೈಲ್ ಘಟ್ಟ, ಆಮೇಲೆ ಅಂಕೋಲೆಯ ಕಡಲು. ಬಯಲಿನ ಗೋವಿನಜೋಳ, ಸೋಯಾಬೀನ್, ಹತ್ತಿ, ಕಡಲೆ ಒಂದು ಕಡೆಗೆ ಹೊರಟರೆ, ಕಲಘಟಗಿ ಭಾಗದ ಕಬ್ಬು ಹಳಿಯಾಳದ ಸಕ್ಕರೆ ಕಾರ್ಖಾನೆಗೆ ಹೊರಡುತ್ತದೆ. ಮನೆ ಕಟ್ಟುವ ಕಾಲಕ್ಕೆ ಉಸುಕು, ಖಡಿ, ಇಟ್ಟಂಗಿ ಬರುತ್ತವೆ. ಹುಬ್ಬಳ್ಳಿಯೇ ಸಾಗಾಟದಿಂದ ಬೆಳೆದ ಊರು. ವಿಜಯ ಸಂಕೇಶ್ವರರು 1976ರಲ್ಲಿ ಒಂದು ಲಾರಿಯಿಂದ ಆರಂಭಿಸಿದ ವಿಆರ್‌ಎಲ್ ಸಂಸ್ಥೆಯ ನೆಲೆ ಅಲ್ಲಿದೆ. ಆದರೆ ಹಳ್ಳಿಯ ಹೇರು ಹೊರುವುದು ಬಹುಪಾಲು ಒಂದೆರಡು ಗಾಡಿಯ ಮಾಲೀಕರು, ಅದೂ ಎರಡನೇ ಅಥವಾ ಮೂರನೇ ಕೈಗೆ ಬಂದ ಗಾಡಿಗಳಲ್ಲಿ. ಕೆಎ 25 ಅಥವಾ ಕೆಎ 63ರ ಫಲಕ ಹೊತ್ತ ಹಳೆಯ ಆರುಗಾಲಿ, ಹತ್ತುಗಾಲಿ ಲಾರಿಗಳೇ ಈ ಲೇಖನದ ವಿಷಯ.

ಅಂಕಿಗಳನ್ನು ಓದುವ ಬಗೆ

ಲಾರಿಯವರ ಮಾತಿನಲ್ಲಿ ‘ಪಾಸಿಂಗ್’ ಎಂದರೆ ಕಾನೂನು ಒಪ್ಪುವ ಹೇರು. ಅದನ್ನು ತಿಳಿಯಲು ನೋಂದಣಿ ಪತ್ರದ, ಅಂದರೆ ಆರ್‌ಸಿಯ ಎರಡು ಅಂಕಿ ಸಾಕು. ಒಂದು ಖಾಲಿ ತೂಕ, ಇನ್ನೊಂದು ಹೇರು ಸಮೇತ ನೋಂದಾಯಿತ ಒಟ್ಟು ತೂಕ. ಎರಡನೆಯದರಲ್ಲಿ ಮೊದಲನೆಯದನ್ನು ಕಳೆದರೆ ಪಾಸಿಂಗ್ ಸಿಗುತ್ತದೆ. ಒಟ್ಟು 16.2 ಟನ್ ಎಂದು ನೋಂದಾಯಿತವಾದ ಆರುಗಾಲಿ ಲಾರಿ ಖಾಲಿಯಿದ್ದಾಗ 6 ಟನ್ ತೂಗಿದರೆ ಪಾಸಿಂಗ್ 10.2 ಟನ್. ಡ್ರೈವರ್, ಕ್ಲೀನರ್, ಡೀಸೆಲ್, ಸ್ಟೆಪ್ನಿ, ತಾಡಪತ್ರಿ, ಹಗ್ಗ, ಜಾಕಿ, ಅಡುಗೆಯ ಸ್ಟೋವ್ ಎಲ್ಲವೂ ತೂಕವೇ ಎಂಬುದು ಕಾಟಾದ, ಅಂದರೆ ಗಾಡಿ ತೂಗುವ ಕಟ್ಟೆಯ, ಮೇಲೆ ನಿಂತಾಗಲಷ್ಟೇ ನೆನಪಾಗುತ್ತದೆ.

ಖಾಲಿ ತೂಕದಲ್ಲೇ ಮೊದಲ ಮೋಸವಿದೆ. ಬಹುಕಾಲ ಭಾರತದ ಕಾರ್ಖಾನೆಗಳು ಬರೀ ಚಾಸಿಯನ್ನು ಮಾರುತ್ತಿದ್ದವು; ಕ್ಯಾಬಿನ್ ಮತ್ತು ಬಾಡಿಯನ್ನು ಊರಿನ ಬಾಡಿ ಕಟ್ಟುವವರೇ ಕಟ್ಟುತ್ತಿದ್ದರು. ಒಂದೇ ಮಾದರಿಯ ಎರಡು ಲಾರಿಗಳಲ್ಲಿ ಒಂದರ ಬಾಡಿ ಕಟ್ಟಿಗೆಯದು, ಇನ್ನೊಂದರದ್ದು ದಪ್ಪ ತಗಡಿನದಾದರೆ ಪಾಸಿಂಗ್ ಬೇರೆಯಾಗುತ್ತದೆ. ಇಪ್ಪತ್ತು ವರ್ಷಗಳಲ್ಲಿ ಫಾಲ್ಕಾ (ಬಾಡಿಯ ಬದಿಯ ಹಲಗೆ) ಎತ್ತರಿಸಿ, ನೆಲಕ್ಕೆ ಇನ್ನೊಂದು ತಗಡು ಹಾಸಿ, ಮುಂದೆ ಕಬ್ಬಿಣದ ಬಂಪರ್ ಕೂಡಿಸಿ, ಚಾಸಿಗೆ ಪಟ್ಟಿ ಬೆಸೆದರೆ ಗಾಡಿ ನೂರಾರು ಕಿಲೋ ದಪ್ಪಗಾಗಿರುತ್ತದೆ. ಆರ್‌ಸಿಯಲ್ಲಿ ಮಾತ್ರ ಹುಟ್ಟಿದಾಗಿನ ತೂಕವೇ ಇರುತ್ತದೆ. ಹಳೆಯ ಗಾಡಿ ಕೊಂಡವರು ಮೊದಲು ಮಾಡಬೇಕಾದ ಕೆಲಸ ಅದನ್ನು ಖಾಲಿಯಾಗಿ ಕಾಟಾಕ್ಕೆ ಹಚ್ಚುವುದು. ಮಾಡುವವರು ಕಡಿಮೆ.

ಮಾದರಿಯ ಹೆಸರಿನಲ್ಲೂ ತೂಕ ಅಡಗಿದೆ. ಟಾಟಾ ಕಂಪನಿ 1954ರಲ್ಲಿ ಜರ್ಮನಿಯ ಡೈಮ್ಲರ್ ಬೆಂಜ್ ಜೊತೆ ಒಪ್ಪಂದ ಮಾಡಿಕೊಂಡು ಲಾರಿ ತಯಾರಿಸತೊಡಗಿತು. 1969ರಲ್ಲಿ ಆ ಒಪ್ಪಂದ ಮುಗಿದರೂ ಹೆಸರಿಡುವ ಜರ್ಮನ್ ಪದ್ಧತಿ ಉಳಿಯಿತು. 1210 ಎಂಬುದರಲ್ಲಿ ಮೊದಲ ಎರಡು ಅಂಕಿ ಒಟ್ಟು ತೂಕದ ಟನ್ನು, ಕೊನೆಯ ಎರಡು ಅಂಕಿಯನ್ನು ಹತ್ತರಿಂದ ಗುಣಿಸಿದರೆ ಸುಮಾರಾಗಿ ಎಂಜಿನ್ನಿನ ಅಶ್ವಶಕ್ತಿ. ಹಾಗಾಗಿ 1613 ಎಂದರೆ 16 ಟನ್, 130 ಅಶ್ವಶಕ್ತಿ. 2515 ಎಂದರೆ 25 ಟನ್, 150 ಅಶ್ವಶಕ್ತಿ. 1986ರಲ್ಲಿ ಬಂದ 407 ಕೂಡ ಇದೇ ಲೆಕ್ಕದ ಕೂಸು. ಅಶೋಕ್ ಲೇಲ್ಯಾಂಡಿನ 1616ರಂಥ ಹೆಸರುಗಳನ್ನೂ ಹೀಗೆಯೇ ಓದಬಹುದು. 1613ರಲ್ಲಿ ಟನ್ನಿಗೆ ಬರುವುದು 8 ಅಶ್ವಶಕ್ತಿ ಮಾತ್ರ. ಇದು ಸಮತಟ್ಟು ರಸ್ತೆಗೆ ಸಾಕು, ಘಟ್ಟಕ್ಕೆ ತುಸು ಬಿಗಿ. ಅದೇ ಲಾರಿಯನ್ನು 24 ಟನ್ನಿಗೆ ಏರಿಸಿದರೆ ಟನ್ನಿಗೆ ಐದೂವರೆಯೂ ಸಿಗದು.

ಎಕ್ಸಲ್ ಭಾರ

ಒಟ್ಟು ತೂಕಕ್ಕಿಂತ ಮುಖ್ಯವಾದದ್ದು ಆ ತೂಕ ಗಾಲಿಗಳ ಮೇಲೆ ಹೇಗೆ ಕೂತಿದೆ ಎಂಬುದು. ಭಾರತ ಸರಕಾರದ 1996ರ ಅಧಿಸೂಚನೆ ಎರಡು ಟಾಯರಿನ ಮುಂದಿನ ಎಕ್ಸಲ್ಲಿಗೆ 6 ಟನ್, ನಾಲ್ಕು ಟಾಯರಿನ ಹಿಂದಿನ ಎಕ್ಸಲ್ಲಿಗೆ 10.2 ಟನ್, ಎಂಟು ಟಾಯರಿನ ಜೋಡಿ ಎಕ್ಸಲ್ಲಿಗೆ 19 ಟನ್ ಎಂದು ಗೊತ್ತುಮಾಡಿತ್ತು. ಆರುಗಾಲಿಗೆ 16.2, ಹತ್ತುಗಾಲಿಗೆ 25 ಟನ್ ಎಂಬ ಪರಿಚಿತ ಅಂಕಿಗಳು ಈ ಕೂಡಿಕೆಯಿಂದ ಹುಟ್ಟಿದವು. 2018ರ ಜುಲೈನಲ್ಲಿ ಇವು ಕ್ರಮವಾಗಿ 7, 11.5 ಮತ್ತು 21 ಟನ್ನಿಗೆ ಏರಿ, ಆರುಗಾಲಿ 18.5ಕ್ಕೂ ಹತ್ತುಗಾಲಿ 28ರ ಆಸುಪಾಸಿಗೂ ಬಂದವು. ಸರಕಾರ ಅಂಕಿ ಏರಿಸಿದ್ದು ನಿಜ, ಆದರೆ 2003ರಲ್ಲಿ ತಯಾರಾದ ಲಾರಿಯ ಎಕ್ಸಲ್ ಆ ದಿನ ದಪ್ಪಗಾಗಲಿಲ್ಲ. ಹಳೆಯ ಗಾಡಿಗೆ ತನ್ನ ಆರ್‌ಸಿ ಮತ್ತು ಕಾರ್ಖಾನೆಯ ಫಲಕದಲ್ಲಿರುವ ತೂಕವೇ ದಿಕ್ಕು. ‘ಈಗ ಎರಡು ಟನ್ ಜಾಸ್ತಿ ನಡೀತದ’ ಎಂಬ ಮಾತು ಹೊಸ ಗಾಡಿಯ ಮಾತು.

ಒಟ್ಟು ತೂಕ ಮಿತಿಯೊಳಗಿದ್ದೂ ಎಕ್ಸಲ್ ಮಿತಿ ಮೀರುವುದು ಹೇಗೆಂದು ಒಂದು ಲೆಕ್ಕದಿಂದ ನೋಡಬಹುದು. ಮುಂದಿನ ಮತ್ತು ಹಿಂದಿನ ಎಕ್ಸಲ್ಲುಗಳ ನಡುವೆ 4.8 ಮೀಟರ್ ಅಂತರವಿರುವ ಲಾರಿ ಖಾಲಿಯಿದ್ದಾಗ ಮುಂದೆ 3.2, ಹಿಂದೆ 2.8, ಒಟ್ಟು 6 ಟನ್ ತೂಗುತ್ತದೆ ಎಂದಿಟ್ಟುಕೊಳ್ಳೋಣ. ಅದರಲ್ಲಿ 10 ಟನ್ ಸೋಯಾಬೀನ್ ಚೀಲ ಹೇರಿದೆವು. ಹೇರಿನ ನಡುಬಿಂದು ಹಿಂದಿನ ಎಕ್ಸಲ್ಲಿಗಿಂತ 60 ಸೆಂಟಿಮೀಟರ್ ಮಾತ್ರ ಮುಂದಿದ್ದರೆ, ಹತ್ತು ಟನ್ನಿನಲ್ಲಿ ಮುಂದಕ್ಕೆ ಹೋಗುವುದು 4.8ರಲ್ಲಿ 0.6 ಪಾಲು, ಅಂದರೆ 1.25 ಟನ್. ಉಳಿದ 8.75 ಟನ್ ಹಿಂದೆ. ಆಗ ಮುಂದಿನ ಎಕ್ಸಲ್ 4.45, ಹಿಂದಿನದು 11.55 ಟನ್. ಒಟ್ಟು 16 ಟನ್ ಆದ್ದರಿಂದ ಕಾಟಾದ ಚೀಟಿ ಚೊಕ್ಕ. ಹಿಂದಿನ ಎಕ್ಸಲ್ ಮಾತ್ರ ತನ್ನ 10.2 ಟನ್ನಿನ ಮಿತಿಯನ್ನು 1.35 ಟನ್ನಿನಷ್ಟು ಮೀರಿದೆ. ಅದೇ ಹೇರಿನ ನಡುಬಿಂದು 1.3 ಮೀಟರ್ ಮುಂದಿರುವಂತೆ ಚೀಲ ಜೋಡಿಸಿದರೆ ಮುಂದೆ 5.91, ಹಿಂದೆ 10.09, ಎರಡೂ ಮಿತಿಯೊಳಗೆ. 70 ಸೆಂಟಿಮೀಟರ್ ವ್ಯತ್ಯಾಸದಲ್ಲಿ ಎಲ್ಲ ಬದಲಾಗುತ್ತದೆ. ಹೇರುವಾಗ ಕ್ಯಾಬಿನ್ನಿನ ಗೋಡೆಗೆ ಒತ್ತಿ ಚೀಲ ಕೂಡಿಸಿ ಎಂದು ಹಳೆಯ ಡ್ರೈವರುಗಳು ಹಮಾಲರ ಬೆನ್ನು ಹತ್ತುವುದರ ಹಿಂದೆ ಈ ಗಣಿತವಿದೆ.

ಇದರ ತಿರುವೂ ಒಂದುಂಟು. ಹೀಗೆ ಸರಿಯಾಗಿ ಹೇರಿದ 6 ಮೀಟರ್ ಉದ್ದದ ಬಾಡಿಯಿಂದ ಹಿಂದಿನ ಅರ್ಧವನ್ನು ಒಂದು ಊರಲ್ಲಿ ಇಳಿಸಿ, ಮುಂದಿನ ಅರ್ಧವನ್ನು ಇನ್ನೊಂದು ಊರಿಗೆ ಒಯ್ದರೆ ಉಳಿದ 5 ಟನ್ನಿನ ನಡುಬಿಂದು ಹಿಂದಿನ ಎಕ್ಸಲ್ಲಿನಿಂದ 2.8 ಮೀಟರ್ ಮುಂದೆ ಬಂದಿರುತ್ತದೆ. ಮುಂದಿನ ಎಕ್ಸಲ್ ಮೇಲೆ ಈಗ 6.12 ಟನ್, ಹೇರು ಪೂರ್ತಿ ಇದ್ದಾಗಿನದಕ್ಕಿಂತ ಹೆಚ್ಚು, ಮಿತಿಗಿಂತಲೂ ಹೆಚ್ಚು. ಪವರ್ ಸ್ಟೀರಿಂಗ್ ಇಲ್ಲದ ಹಳೆಯ ಗಾಡಿಯಲ್ಲಿ ಇದು ಡ್ರೈವರಿನ ತೋಳಿಗೆ ಮೊದಲು ಗೊತ್ತಾಗುತ್ತದೆ.

ವಯಸ್ಸು ಏನನ್ನು ಕುಗ್ಗಿಸುತ್ತದೆ

ಮಿತಿ ಮೀರಿ ಹೇರುವವರ ಮೊದಲ ಉಪಾಯ ಪಾಟಾ ಏರಿಸುವುದು. ಹಿಂದಿನ ಕಮಾನಿಗೆ ಒಂದೆರಡು ಪಟ್ಟೆ ಹೆಚ್ಚು ಕೂಡಿಸಿದರೆ ಗಾಡಿ ಕುಸಿಯುವುದಿಲ್ಲ, ನೋಡಲು ನೆಟ್ಟಗಿರುತ್ತದೆ. ಅಪಾಯ ಇರುವುದೇ ಅಲ್ಲಿ. ಪಾಟಾ ಬಲವಾದರೂ ಎಕ್ಸಲ್ ಕೊಳವೆ, ಹಬ್ಬಿನ ಬೇರಿಂಗ್, ಬ್ರೇಕ್ ಡ್ರಮ್ಮು, ಟಾಯರ್ ಯಾವುದೂ ಬದಲಾಗಿಲ್ಲ. ಮೊದಲು ಕುಸಿದು ಎಚ್ಚರಿಸುತ್ತಿದ್ದ ಭಾಗವನ್ನೇ ಬಾಯಿ ಮುಚ್ಚಿಸಿದಂತಾಯಿತು. ಬಿಗಿಯಾದ ಪಾಟಾ ರಸ್ತೆಯ ಏಟನ್ನು ತಾನು ನುಂಗದೆ ನೇರ ಚಾಸಿಗೆ ದಾಟಿಸುತ್ತದೆ. ಹಿಂದಿನ ಪಾಟಾದ ಹ್ಯಾಂಗರ್ ಬಳಿ, ಅಡ್ಡಪಟ್ಟಿ ರಿವೆಟ್ ಆದಲ್ಲಿ ಕೂದಲೆಳೆಯ ಬಿರುಕು ಏಳುವುದು ಇದರಿಂದಲೇ. ಹಳೆಯ ಲಾರಿ ಕೊಳ್ಳುವವರು ಬಣ್ಣ, ಕ್ಯಾಬಿನ್ನು, ಹಾರ್ನು ನೋಡುವ ಬದಲು ಗಾಡಿಯ ಕೆಳಗೆ ಮಲಗಿ ಆ ಜಾಗವನ್ನು ತಂತಿ ಬ್ರಷ್ಷಿನಿಂದ ಉಜ್ಜಿ ನೋಡಬೇಕು. ಅಲ್ಲಿ ಬೆಸುಗೆಯ ಗುರುತಿದ್ದರೆ ಆರ್‌ಸಿಯ ಅಂಕಿಯನ್ನು ನಂಬುವಂತಿಲ್ಲ. ಚಾಸಿಯ ಉಕ್ಕನ್ನು ಬೆಸುಗೆಯ ಬಿಸಿ ಮೆದುವಾಗಿಸುತ್ತದೆ. ಬೆಸೆದ ಪಟ್ಟಿಯ ಅಂಚಿನಿಂದಲೇ ಮುಂದಿನ ಬಿರುಕು ಹೊರಡುತ್ತದೆ.

ಟಾಯರಿನ ಲೆಕ್ಕ ಸರಳ. ಹಳೆಯ ಆರುಗಾಲಿ ಲಾರಿಗಳ 10.00-20 ಅಳತೆಯ 16 ಪ್ಲೈ ನೈಲಾನ್ ಟಾಯರ್ ಒಂಟಿಯಾಗಿ 3,000 ಕಿಲೋ, ಜೋಡಿಯಲ್ಲಿದ್ದಾಗ ತಲಾ 2,725 ಕಿಲೋ ಹೊರುತ್ತದೆ. ಜೋಡಿಯಲ್ಲಿ ಕಡಿಮೆಯಾಗಲು ಕಾರಣ ಎರಡು ಟಾಯರುಗಳ ನಡುವೆ ಬಿಸಿ ಹೊರಹೋಗದಿರುವುದು, ಮತ್ತು ಎರಡೂ ಸಮವಾಗಿ ಭಾರ ಹೊರುತ್ತವೆಂಬ ಖಾತ್ರಿ ಇಲ್ಲದಿರುವುದು. ಹಿಂದಿನ ನಾಲ್ಕಕ್ಕೆ 10.9 ಟನ್, ಎಕ್ಸಲ್ಲಿನ 10.2 ಟನ್ನಿಗೆ ಹೋಲಿಸಿದರೆ ಉಳಿತಾಯ ಬರೀ 700 ಕಿಲೋ. ಇದು ಹೊಸ ಟಾಯರಿಗೆ, ಪೂರ್ತಿ ಗಾಳಿಗೆ ಹೇಳಿದ ಮಾತು. ಒಳಗಿನ ಟಾಯರಿನ ಗಾಳಿ ಯಾರೂ ನೋಡುವುದಿಲ್ಲ; ಅದು ಇಳಿದಿದ್ದರೆ ಜೋಡಿಯ ಭಾರವೆಲ್ಲ ಹೊರಗಿನದರ ಮೇಲೆ. ಸವೆದ ಟಾಯರಿಗೆ ಹೊಸ ರಬ್ಬರ್ ಪಟ್ಟಿ ಹಚ್ಚಿ ರಿಸೋಲ್ ಮಾಡಿಸುವುದರಲ್ಲಿ ತಪ್ಪೇನಿಲ್ಲ, ಒಳಗಿನ ದಾರದ ಪದರ ಗಟ್ಟಿ ಇದ್ದರೆ. ಏಪ್ರಿಲ್ ಬಿಸಿಲಿನಲ್ಲಿ ನವಲಗುಂದದ ಕಡೆ ಓಡುವ ಹೆಚ್ಚು ಹೇರಿನ ಗಾಡಿಯ ರಿಸೋಲ್ ಪಟ್ಟಿ ಕಿತ್ತು ರಸ್ತೆ ಬದಿ ಬಿದ್ದಿರುವುದನ್ನು ನೋಡದವರಿಲ್ಲ.

ಬ್ರೇಕಿನ ಮಾತನ್ನು ಘಟ್ಟಕ್ಕೆ ಬಿಡೋಣ. ಎಂಜಿನ್ನಿನ ಬಗ್ಗೆ ಇಷ್ಟು ಸಾಕು: ರಿಂಗು ಸವೆದು ಹೊಗೆ ಕಕ್ಕುವ 130 ಅಶ್ವಶಕ್ತಿಯ ಎಂಜಿನ್ 130 ಕೊಡುತ್ತಿಲ್ಲ. ಆದರೂ ಹೇರಿನ ವಿಷಯದಲ್ಲಿ ಎಂಜಿನ್ ತೀರ ಪ್ರಾಮಾಣಿಕ ಭಾಗ. ಅದಕ್ಕೆ ಆಗದಿದ್ದರೆ ಗಾಡಿ ಏರುವುದಿಲ್ಲ. ಆಗದಿದ್ದರೂ ಆಗುತ್ತದೆಂದು ತೋರಿಸಿಕೊಳ್ಳುವವು ಉಳಿದ ಭಾಗಗಳು.

ಹೇರಿನ ಜಾತಿ

ಗಾಡಿಯ ಮಿತಿ ತೂಕದಲ್ಲಿದ್ದರೂ ವ್ಯವಹಾರ ನಡೆಯುವುದು ಅಳತೆಯಲ್ಲಿ. ಉಸುಕು, ಖಡಿಯನ್ನು ಮಾರುವುದು ಬ್ರಾಸಿನ ಲೆಕ್ಕದಲ್ಲಿ. ಒಂದು ಬ್ರಾಸ್ ಎಂದರೆ 100 ಘನ ಅಡಿ, ಅಂದರೆ 2.83 ಘನ ಮೀಟರ್. ಒಣ ಉಸುಕು ಘನ ಮೀಟರಿಗೆ ಸುಮಾರು 1.6 ಟನ್ ತೂಗುವುದರಿಂದ ಒಂದು ಬ್ರಾಸಿಗೆ ನಾಲ್ಕೂವರೆ ಟನ್. ನಮ್ಮ 10.2 ಟನ್ ಪಾಸಿಂಗಿನ ಲಾರಿಗೆ ಎರಡು ಬ್ರಾಸ್, ಅಂದರೆ ಒಂಬತ್ತು ಟನ್, ಸುಖವಾಗಿ ಹಿಡಿಸುತ್ತದೆ. ಅದೇ ಉಸುಕು ಮಳೆಯಲ್ಲಿ ನೆಂದರೆ ಘನ ಮೀಟರಿಗೆ 1.9 ಟನ್ನಿಗೆ ಏರುತ್ತದೆ. ಎರಡು ಬ್ರಾಸ್ ಈಗ ಹತ್ತಿರ ಹತ್ತಿರ 10.8 ಟನ್. ಗಾಡಿ ಅದೇ, ಬಾಡಿಯಲ್ಲಿ ಉಸುಕಿನ ಮಟ್ಟ ಅದೇ, ಬಿಲ್ಲೂ ಅದೇ. ಮಿತಿ ಮಾತ್ರ ದಾಟಿಹೋಗಿದೆ.

ಹತ್ತಿಯ ಸ್ವಭಾವ ಬೇರೆ. ಜಿನ್ನಿಂಗ್ ಮುಗಿಸಿ ಒತ್ತಿದ ಒಂದು ಬೇಲಿಗೆ 170 ಕಿಲೋ. 60 ಬೇಲು ಹೇರಿದರೆ ಸರಿಯಾಗಿ 10.2 ಟನ್. ಒತ್ತದ ಹತ್ತಿ, ಮೇವು, ಹೊಟ್ಟು ಹೇರಿದ ಲಾರಿ ಮುಗಿಲು ಮುಟ್ಟುವಂತೆ ಕಂಡರೂ ತೂಕದಲ್ಲಿ ಮಿತಿಯ ಅರ್ಧಕ್ಕೂ ಬರದು. ಅಲ್ಲಿ ತಪ್ಪುವುದು ಅಗಲ ಮತ್ತು ಎತ್ತರದ ನಿಯಮ. ಇದರ ನೇರ ವಿರುದ್ಧ ತುದಿಯಲ್ಲಿರುವುದು ಕಬ್ಬಿಣದ ಅದಿರು. ಘನ ಮೀಟರಿಗೆ ಎರಡೂವರೆ ಟನ್ ಎಂದು ಹಿಡಿದರೂ 10 ಟನ್ನಿಗೆ ನಾಲ್ಕು ಘನ ಮೀಟರ್ ಸಾಕು. 18 ಅಡಿ ಉದ್ದ, ಏಳೂವರೆ ಅಡಿ ಅಗಲದ ಬಾಡಿಯಲ್ಲಿ ಹರಡಿದರೆ ಒಂದಡಿಗಿಂತ ತುಸು ಎತ್ತರ. ಕಣ್ಣಿಗೆ ಗಾಡಿ ಖಾಲಿಯಂತೆ ಕಾಣುತ್ತದೆ. ‘ಇನ್ನಷ್ಟು ಹಾಕು’ ಎನ್ನಿಸುವುದು ಆಗಲೇ.

ಕಬ್ಬು ಇವೆರಡರ ನಡುವೆ ನಿಂತು ಬೇರೊಂದು ತೊಂದರೆ ಕೊಡುತ್ತದೆ. ಬಾಡಿಯ ಮೇಲೆ ಬಾಡಿಯಷ್ಟೇ ಎತ್ತರ ಪೇರಿಸುವುದರಿಂದ ಗುರುತ್ವಕೇಂದ್ರ ಮೇಲೇರುತ್ತದೆ. ತೂಕ ಮಿತಿಯಲ್ಲಿದ್ದರೂ ತಿರುವಿನಲ್ಲಿ, ರಸ್ತೆಯ ಅಂಚು ಕುಸಿದಲ್ಲಿ, ಕಾಲುವೆಯ ದಂಡೆಯಲ್ಲಿ ಗಾಡಿ ವಾಲುತ್ತದೆ. ಒಂದು ಕಡೆಯ ಪಾಟಾ ಸೋತ ಹಳೆಯ ಗಾಡಿ ನಿಂತಲ್ಲೇ ಅರ್ಧ ವಾಲಿರುತ್ತದೆ.

ಅರಬೈಲ್ ಘಟ್ಟ ಮತ್ತು ಅದಿರಿನ ದಶಕ

ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರ ದಾಟಿ ಅಂಕೋಲೆಗೆ ಇಳಿಯುವ ದಾರಿ ಹೇರಿನ ದಾರಿಯಾಗಿದ್ದು ಇಂದು ನಿನ್ನೆಯಲ್ಲ. ರೈಲು ಬರುವ ಮೊದಲು ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟೆಯ ಬಂದರಿಗೆ ಎತ್ತು, ಚಕ್ಕಡಿಗಳ ಮೇಲೆ ಹೋಗುತ್ತಿತ್ತು. ಬಹುಕಾಲ ರಾಷ್ಟ್ರೀಯ ಹೆದ್ದಾರಿ 63 ಎನಿಸಿದ್ದ ಈ ರಸ್ತೆಯ ಹುಬ್ಬಳ್ಳಿ–ಅಂಕೋಲಾ ಭಾಗ ಈಗ 52ನೇ ಸಂಖ್ಯೆಯದು.

2003ರ ನಂತರ ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರಿದಾಗ ಬಳ್ಳಾರಿ, ಹೊಸಪೇಟೆಯ ಅದಿರು ಇದೇ ದಾರಿಯಲ್ಲಿ ಬೇಲೆಕೇರಿ, ಕಾರವಾರ ಬಂದರುಗಳಿಗೆ ಹೊರಟಿತು. ಕಲಘಟಗಿಯವರು ಕೆಂಪು ದೂಳು ಮೆತ್ತಿದ ಲಾರಿಗಳ ಸಾಲನ್ನು ಇನ್ನೂ ನೆನೆಯುತ್ತಾರೆ. ಬೇಲೆಕೇರಿಯಲ್ಲಿ 2010ರ ಮಾರ್ಚಿನಲ್ಲಿ ಸುಮಾರು 8 ಲಕ್ಷ ಟನ್ ಅದಿರು ಜಪ್ತಿಯಾದದ್ದು, ಅದರಲ್ಲಿ ದೊಡ್ಡ ಪಾಲು ಕಾಣೆಯಾದದ್ದು, 2010ರ ಜುಲೈನಲ್ಲಿ ರಾಜ್ಯ ಸರಕಾರ ಅದಿರಿನ ರಫ್ತು ತಡೆದದ್ದು, 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ ಹೆಗ್ಡೆಯವರ ವರದಿ ಹೊರಬಂದದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಆ ಚರ್ಚೆಯಲ್ಲಿ ಗಣಿಯ ಗಡಿ, ರಾಜಧನ, ಲಂಚದ ಮಾತು ದೊಡ್ಡದಾಗಿ ಕೇಳಿತು. ಎಕ್ಸಲ್ ಭಾರದ ಮಾತು ಹಿಂದೆ ಬಿತ್ತು. ಟನ್ನಿನ ಲೆಕ್ಕದಲ್ಲಿ ಬಾಡಿಗೆ ಕೊಟ್ಟರೆ ಮಿತಿಯನ್ನು ಮೀರಿ ಹೇರಿದವನಿಗೇ ಲಾಭ ಎಂಬ ಸರಳ ಗಣಿತ ಆ ದಶಕವನ್ನು ಓಡಿಸಿತು. ಆ ವರ್ಷಗಳಲ್ಲಿ ದುಡಿದ ಎಷ್ಟೋ ಲಾರಿಗಳು ಆಮೇಲೆ ಅಗ್ಗಕ್ಕೆ ಮಾರಾಟವಾಗಿ ಹಳ್ಳಿಗಳ ಉಸುಕಿಗೆ, ಖಡಿಗೆ ಬಂದವು. ಅವುಗಳ ಚಾಸಿ ಹೊತ್ತ ಇತಿಹಾಸ ಆರ್‌ಸಿಯಲ್ಲಿ ಇರುವುದಿಲ್ಲ.

ಘಟ್ಟ ಏರುವಾಗಿನ ಲೆಕ್ಕ ಹೀಗೆ. ನೂರು ಮೀಟರಿಗೆ ಆರು ಮೀಟರ್ ಏರುವ ದಾರಿಯಲ್ಲಿ 16 ಟನ್ನಿನ ಲಾರಿ ತಾಸಿಗೆ 20 ಕಿಲೋಮೀಟರ್ ವೇಗದಲ್ಲಿ ಸಾಗಲು ಗಾಲಿಗಳಲ್ಲಿ ಸುಮಾರು 82 ಅಶ್ವಶಕ್ತಿ ಬೇಕು. ಗೇರುಬಾಕ್ಸು, ಡಿಫರೆನ್ಷಿಯಲ್ಲುಗಳಲ್ಲಿ ಕರಗುವುದನ್ನು ಕೂಡಿಸಿದರೂ 130ರ ಎಂಜಿನ್ನಿಗೆ ಉಸಿರು ಉಳಿಯುತ್ತದೆ. 24 ಟನ್ ಹೊರಿಸಿದರೆ ಗಾಲಿಗಳಲ್ಲೇ 123 ಬೇಕಾಗುತ್ತದೆ; ಎಂಜಿನ್ ಒಪ್ಪದೆ ವೇಗ 15ಕ್ಕೋ ಅದಕ್ಕೂ ಕೆಳಗೋ ಇಳಿಯುತ್ತದೆ, ಹಿಂದೆ ವಾಹನಗಳ ಸಾಲು ಬೆಳೆಯುತ್ತದೆ. ಇದು ತೊಂದರೆ, ಅಪಾಯವಲ್ಲ.

ಅಪಾಯ ಇಳಿಯುವಾಗ. 400 ಮೀಟರ್ ಎತ್ತರದಿಂದ ಇಳಿಯುವ 16 ಟನ್ನಿನ ಲಾರಿ ಕಳೆದುಕೊಳ್ಳಬೇಕಾದ ಶಕ್ತಿ ಸುಮಾರು 63 ಮೆಗಾಜೂಲ್. ಅಷ್ಟು ಶಾಖದಲ್ಲಿ ದೊಡ್ಡ ಡ್ರಮ್ಮೊಂದರ 200 ಲೀಟರ್ ನೀರು ಕುದಿಯುತ್ತದೆ. 24 ಟನ್ನಾದರೆ 300 ಲೀಟರ್. ಈ ಶಾಖ ಹೋಗಲು ಎರಡೇ ದಾರಿ, ಎಂಜಿನ್ ಅಥವಾ ಬ್ರೇಕ್ ಡ್ರಮ್ಮು. ಏರುವ ಗೇರಿನಲ್ಲೇ ಇಳಿಯಬೇಕೆಂಬ ಹಳೆಯ ನಿಯಮ ಶಾಖದ ಹೆಚ್ಚಿನ ಪಾಲನ್ನು ಎಂಜಿನ್ನಿಗೆ ದಾಟಿಸುವ ಉಪಾಯ. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಿದರೆ ಎಲ್ಲವೂ ಡ್ರಮ್ಮಿನ ಮೇಲೆ. ಕಾಯ್ದ ಡ್ರಮ್ಮು ಹಿಗ್ಗಿ ಲೈನಿಂಗಿನಿಂದ ದೂರ ಸರಿಯುತ್ತದೆ, ಲೈನಿಂಗಿನ ಹಿಡಿತವೂ ಇಳಿಯುತ್ತದೆ. ಪೆಡಲ್ ಒತ್ತಿದರೂ ಗಾಡಿ ನಿಲ್ಲುವುದಿಲ್ಲ. ಆಮೇಲೆ ‘ಬ್ರೇಕ್ ಫೇಲ್’ ಎಂದು ವರದಿಯಾಗುವುದರಲ್ಲಿ ಎಷ್ಟೋ ಸಲ ಬ್ರೇಕಿನ ದೋಷ ಇರುವುದಿಲ್ಲ. ಹಲವು ಸಲ ಲೇತಿಗೆ ಕೊಟ್ಟು ಸವರಿ ತೆಳ್ಳಗಾದ ಹಳೆಯ ಡ್ರಮ್ಮು ಬೇಗ ಕಾಯುತ್ತದೆ, ಬೇಗ ಸೋಲುತ್ತದೆ. ಗಾಲಿ ಕಚ್ಚಿ ಜಾರುವುದನ್ನು ತಡೆಯುವ ಎಬಿಎಸ್ ಭಾರೀ ಲಾರಿಗಳಿಗೆ ಕಡ್ಡಾಯವಾದದ್ದು 2015ರಲ್ಲಿ. ಅದಕ್ಕೂ ಹಿಂದಿನವುಗಳಲ್ಲಿ ಬಹುಪಾಲಿಗೆ ಅದಿಲ್ಲ.

2025ರ ಜನವರಿ 22ರ ನಸುಕಿನಲ್ಲಿ ಸವಣೂರಿನಿಂದ ಕುಮಟೆಯ ಸಂತೆಗೆ ಹೊರಟ ಹಣ್ಣು, ತರಕಾರಿ ವ್ಯಾಪಾರಿಗಳಿದ್ದ ಲಾರಿ ಯಲ್ಲಾಪುರ ತಾಲೂಕಿನಲ್ಲಿ ಕಂದಕಕ್ಕೆ ಉರುಳಿ 10 ಮಂದಿ ಸತ್ತರು. ಸರಕಿನ ಮೇಲೆ ಜನ ಕೂರುವಂತಿಲ್ಲ ಎಂಬ ನಿಯಮ ತೂಕಕ್ಕೆ ಸಂಬಂಧಿಸಿದ್ದಲ್ಲ. ಹತ್ತು ಟನ್ನಿನಲ್ಲಿ ಇಪ್ಪತ್ತು ಜನರ ತೂಕ ಒಂದೂವರೆ ಟನ್ನೂ ಆಗದು. ಆದರೆ ಲಾರಿಯ ಬಾಡಿಯಲ್ಲಿ ಮನುಷ್ಯನನ್ನು ಹಿಡಿದಿಡುವ ಯಾವುದೂ ಇಲ್ಲ.

ರಸ್ತೆಯ ಲೆಕ್ಕ

ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವಾ ಬಳಿ 1958ರಿಂದ 1960ರವರೆಗೆ ಲಾರಿಗಳನ್ನು ಸುತ್ತು ಹೊಡೆಸಿ ನಡೆಸಿದ ದೊಡ್ಡ ಪ್ರಯೋಗದಿಂದ ಒಂದು ಸೂತ್ರ ಹೊರಬಂತು: ರಸ್ತೆಗೆ ಆಗುವ ಹಾನಿ ಎಕ್ಸಲ್ ಭಾರದ ಸರಿಸುಮಾರು ನಾಲ್ಕನೇ ಘಾತಕ್ಕೆ ತಕ್ಕಂತೆ ಬೆಳೆಯುತ್ತದೆ. ಭಾರತದಲ್ಲೂ ರಸ್ತೆಯ ದಪ್ಪವನ್ನು 8.16 ಟನ್ನಿನ ಮಾದರಿ ಎಕ್ಸಲ್ ಆಧರಿಸಿಯೇ ನಿರ್ಧರಿಸುತ್ತಾರೆ. ಅದರ ಹಾನಿಯನ್ನು ಒಂದು ಎಂದು ಹಿಡಿದರೆ 10.2 ಟನ್ನಿನ ಎಕ್ಸಲ್ಲಿನದು 2.4; 16 ಟನ್ನಿಗೆ ಏರಿಸಿದ ಅದೇ ಎಕ್ಸಲ್ಲಿನದು ಸುಮಾರು 15. ಎಕ್ಸಲ್ಲಿನ ಭಾರ ಏರಿದ್ದು ಒಂದೂವರೆ ಪಟ್ಟು, ರಸ್ತೆಯ ಸವೆತ ಆರು ಪಟ್ಟು. ಲಾಭ ಒಬ್ಬರ ಜೇಬಿಗೆ, ಸವೆತ ಊರಿನ ಲೆಕ್ಕಕ್ಕೆ. 3.75 ಮೀಟರ್ ಅಗಲದ ಗ್ರಾಮ ಸಡಕ್ ರಸ್ತೆಗಳನ್ನು ಕಡಿಮೆ ಓಡಾಟಕ್ಕೆಂದೇ ಕಟ್ಟಿರುತ್ತಾರೆ. ಎರೆಮಣ್ಣಿನ ನೆಲದಲ್ಲಿ ಮಳೆಗಾಲಕ್ಕೆ ತಳ ಉಬ್ಬಿ ಮೆತ್ತಗಾದಾಗ ಅಂಥ ರಸ್ತೆಯ ಮೇಲೆ ಹತ್ತಾರು ಉಸುಕಿನ ಗಾಡಿ ಓಡಿದರೆ ಒಂದೇ ಹಂಗಾಮಿಗೆ ಅಂಚು ಕಿತ್ತುಬರುತ್ತದೆ.

ಕಾನೂನು ಮತ್ತು ಕಾಟಾ

1988ರ ಮೋಟಾರು ವಾಹನ ಕಾಯ್ದೆಯ 113ನೇ ಕಲಮು ನೋಂದಾಯಿತ ತೂಕ ಮೀರಿ ಓಡಿಸುವುದನ್ನು ನಿಷೇಧಿಸುತ್ತದೆ. 114ನೇ ಕಲಮು ಗಾಡಿಯನ್ನು ತೂಗಿಸುವ ಅಧಿಕಾರ ಕೊಡುತ್ತದೆ. ದಂಡ 194ನೇ ಕಲಮಿನಲ್ಲಿದೆ. 2019ರ ತಿದ್ದುಪಡಿಗೆ ಮೊದಲು 2,000 ರೂಪಾಯಿ ಮತ್ತು ಹೆಚ್ಚುವರಿ ಟನ್ನಿಗೆ 1,000 ಇದ್ದದ್ದು, ಆಮೇಲೆ 20,000 ಮತ್ತು ಟನ್ನಿಗೆ 2,000 ಆಯಿತು. ತೂಕಕ್ಕೆ ನಿಲ್ಲದೆ ಹೋದರೆ 40,000. ಹೆಚ್ಚಿನ ಹೇರು ಇಳಿಸದೆ ಗಾಡಿ ಮುಂದೆ ಬಿಡುವಂತಿಲ್ಲ. ಕೊನೆಯ ಈ ಮಾತೇ ಎಲ್ಲಕ್ಕಿಂತ ಹರಿತವಾದದ್ದು, ಮತ್ತು ಎಲ್ಲಕ್ಕಿಂತ ಕಡಿಮೆ ಜಾರಿಯಾಗುವುದು. ಕೆಲವು ರಾಜ್ಯಗಳು ಮೊದಲೇ ದಂಡ ಕಟ್ಟಿಸಿಕೊಂಡು ಕಾರ್ಡು ಕೊಟ್ಟು ಹೆಚ್ಚು ಹೇರಿಗೆ ದಾರಿ ಬಿಡುತ್ತಿದ್ದವು. ಸುಪ್ರೀಂ ಕೋರ್ಟು 2005ರ ನವೆಂಬರಿನಲ್ಲಿ ಪರಮಜೀತ್ ಭಸೀನ್ ಪ್ರಕರಣದಲ್ಲಿ ಅದನ್ನು ತಡೆಯಿತು. ಎಂಟು ವರ್ಷ ದಾಟಿದ ಸರಕು ವಾಹನ ವರ್ಷಕ್ಕೊಮ್ಮೆ ಫಿಟ್‌ನೆಸ್ ಪತ್ರ ಪಡೆಯಬೇಕು. ಆ ಪರೀಕ್ಷೆಗೆ ಗಾಡಿ ಬರುವುದು ಖಾಲಿಯಾಗಿ.

ಎಕ್ಸಲ್ ತೂಕವನ್ನು ಊರಿನ ಕಾಟಾದಲ್ಲೇ ತಿಳಿಯಬಹುದು. ಮೊದಲು ಮುಂದಿನ ಗಾಲಿಗಳನ್ನಷ್ಟೇ ಹತ್ತಿಸಿ ತೂಗಿ, ಆಮೇಲೆ ಇಡೀ ಗಾಡಿ, ಕೊನೆಗೆ ಹಿಂದಿನ ಗಾಲಿಗಳು. ಮೊದಲ ಮತ್ತು ಕೊನೆಯ ಅಂಕಿಗಳ ಮೊತ್ತ ನಡುವಿನದಕ್ಕೆ ಹೊಂದಬೇಕು. ಕಾಟಾದ ಎರಡೂ ತುದಿಯ ನೆಲ ಸಮತಟ್ಟಾಗಿರಬೇಕು, ಗಾಡಿ ನ್ಯೂಟ್ರಲಿನಲ್ಲಿದ್ದು ಬ್ರೇಕ್ ಬಿಟ್ಟಿರಬೇಕು. ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ.

ಎಳೆತ

ಎಳೆಯುವ ಗಾಡಿಗೆ ಇನ್ನೊಂದು ಅಂಕಿ ಸೇರುತ್ತದೆ, ಮುಂದಿನ ಮತ್ತು ಹಿಂದಿನ ಎರಡೂ ಗಾಡಿಗಳ ಕೂಡು ತೂಕ. ಟಾಟಾದ ಎಲ್‌ಪಿಎಸ್ 3516, 4018 ಮೊದಲಾದ ಟ್ರೇಲರ್ ಲಾರಿಗಳ ಹೆಸರಿನ 35, 40 ಎಂಬುದು ಈ ಕೂಡು ತೂಕ. ಲಾರಿಯ ಬೆನ್ನ ಮೇಲೆ ಅಷ್ಟು ಹೇರಬಹುದು ಎಂದಲ್ಲ. ಟ್ರೇಲರಿನ ಮುಂಭಾಗ ಕೂರುವ ತಟ್ಟೆಯ ಮೇಲೆ ಬೀಳುವ ತೂಕ ಮಾತ್ರ ಎಳೆಯುವ ಲಾರಿಯ ಹೇರು, ಉಳಿದದ್ದು ಟ್ರೇಲರಿನ ಸ್ವಂತ ಗಾಲಿಗಳದ್ದು. ಅಮೆರಿಕದಲ್ಲಿ ಹಳೆಯ ಭಾರೀ ಪಿಕಪ್‌ಗಳಿಗೆ ಟ್ರೇಲರ್ ಕಟ್ಟುವ ರೂಢಿ ಹೆಚ್ಚು. ಟ್ರೇಲರಿನ ತೂಕದ ನೂರಕ್ಕೆ 10ರಿಂದ 15 ಪಾಲು ಕೊಂಡಿಯ ಮೇಲೆ ಬೀಳಬೇಕು, ಅದನ್ನು ಪಿಕಪ್ಪಿನ ಹೇರಿನಿಂದ ಕಳೆಯಬೇಕು ಎಂಬುದು ಅಲ್ಲಿನವರ ಮೊದಲ ಪಾಠ. ನಮ್ಮ ಕಡೆ ಆರುಗಾಲಿ ಲಾರಿಗೆ ಟ್ರೇಲರ್ ಕಟ್ಟುವವರು ವಿರಳ. ಎಳೆಯುವ ಕೆಲಸ ಟ್ರ್ಯಾಕ್ಟರಿನದು.

ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡು ಹೊರಡುವ ಟ್ರ್ಯಾಕ್ಟರಿಗೆ ಅಶ್ವಶಕ್ತಿಯ ಕೊರತೆಗಿಂತ ಹಿಡಿತದ ಕೊರತೆ ಮೊದಲು ಕಾಡುತ್ತದೆ. ಕೂಡಿ 15 ಟನ್ನಿನ ಟ್ರೇಲರುಗಳನ್ನು ನೂರಕ್ಕೆ ಐದರ ಏರಿನ ಕಚ್ಚಾ ದಾರಿಯಲ್ಲಿ ಎಳೆಯಲು, ದಾರಿಯ ತಡೆಯನ್ನು ನೂರಕ್ಕೆ ಮೂರು ಎಂದು ಕೂಡಿಸಿದರೆ, 1.2 ಟನ್ನಿನಷ್ಟು ಎಳೆತ ಬೇಕು. ಹಿಂದಿನ ದೊಡ್ಡ ಗಾಲಿಗಳ ಮೇಲೆ ಒಂದೂವರೆ ಟನ್ ಭಾರವಿದ್ದು ಮಣ್ಣಿನಲ್ಲಿ ಅದರ ಅರ್ಧದಷ್ಟು ಮಾತ್ರ ಹಿಡಿತ ಸಿಕ್ಕರೆ ಎಳೆತ ಮುಕ್ಕಾಲು ಟನ್ನಿಗೆ ನಿಲ್ಲುತ್ತದೆ. ಗಾಲಿ ಗರಗರ ತಿರುಗುತ್ತದೆ, ಗಾಡಿ ಕದಲದು. ಕೊಂಡಿ ಎತ್ತರದಲ್ಲಿದ್ದು ಜಗ್ಗಿದರೆ ಮುಂದಿನ ಗಾಲಿಗಳು ಏಳುತ್ತವೆ, ಸ್ಟೀರಿಂಗ್ ತಿರುಗಿಸಿ ಪ್ರಯೋಜನವಿಲ್ಲ. ಇಳಿಜಾರಿನಲ್ಲಿ ಇದಕ್ಕಿಂತ ಕೆಟ್ಟದ್ದು: ಬ್ರೇಕಿಲ್ಲದ ಟ್ರೇಲರುಗಳು ಟ್ರ್ಯಾಕ್ಟರನ್ನು ಹಿಂದಿನಿಂದ ನೂಕಿ ಅಡ್ಡ ತಿರುಗಿಸುತ್ತವೆ. ರಾತ್ರಿ ಹಿಂದೆ ಕೆಂಪು ದೀಪವೂ ಇಲ್ಲದ ಟ್ರೇಲರಿಗೆ ಬೈಕು ಬಡಿದ ಸುದ್ದಿ ಪ್ರತಿ ಹಂಗಾಮಿನಲ್ಲೂ ಬರುತ್ತದೆ. ಅದಕ್ಕೆ ಬೇಕಾದದ್ದು ಎರಡು ಅಂಗೈ ಅಗಲದ ಪ್ರತಿಫಲಕ ಪಟ್ಟಿ.

ಕೆಟ್ಟುನಿಂತ ಲಾರಿಯನ್ನು ಇನ್ನೊಂದು ಲಾರಿ ಎಳೆಯುವುದಕ್ಕೆ ‘ಟೋಚನ್ ಹಾಕುವುದು’ ಎನ್ನುತ್ತಾರೆ. 1989ರ ರಸ್ತೆ ನಿಯಮಾವಳಿ ಇದಕ್ಕೆ ಎರಡು ಗಾಡಿಗಳ ನಡುವೆ 5 ಮೀಟರಿಗಿಂತ ಹೆಚ್ಚು ಅಂತರವಿರಬಾರದು, ತಾಸಿಗೆ 24 ಕಿಲೋಮೀಟರ್ ಮೀರಬಾರದು ಎಂದು ಹೇಳಿತ್ತು. ಅದರ ಜಾಗಕ್ಕೆ 2017ರಲ್ಲಿ ಹೊಸ ಚಾಲನಾ ನಿಯಮಾವಳಿ ಬಂತು. ಎಂಜಿನ್ ನಿಂತ ಗಾಡಿಯಲ್ಲಿ ಏರ್ ಬ್ರೇಕಿಗೆ ಗಾಳಿ ತುಂಬುವುದಿಲ್ಲ, ಟ್ಯಾಂಕಿನಲ್ಲಿ ಉಳಿದ ಗಾಳಿ ಕೆಲವೇ ಸಲ ಪೆಡಲ್ ಒತ್ತುವಷ್ಟು. ಆದ್ದರಿಂದ ತುಂಬಿದ ಲಾರಿಯನ್ನು ಸರಪಳಿಯಿಂದ ಘಟ್ಟ ಇಳಿಸಬಾರದು. ಗಟ್ಟಿ ಕಬ್ಬಿಣದ ದಂಡಿಗೆಯಿಂದ ಕಟ್ಟಬೇಕು, ಸಾಧ್ಯವಾದರೆ ಮೊದಲು ಹೇರನ್ನು ಬೇರೆ ಗಾಡಿಗೆ ಬದಲಿಸಬೇಕು. ಎಳೆಯುವ ಲಾರಿ ತಾನೂ ಹೇರು ಹೊತ್ತಿದ್ದರೆ ಅದರ ಬ್ರೇಕುಗಳು ಈಗ ಎರಡು ಗಾಡಿಗಳ ತೂಕವನ್ನು ತಡೆಯಬೇಕು. ಆ ತೂಕಕ್ಕೆ ಯಾವ ಕಾರ್ಖಾನೆಯೂ ಅವನ್ನು ಮಾಡಿಲ್ಲ.